ಬೆಂಚಿಗೆ ಯಾವ ರಿಸೀವರ್? ಅನುಭವ ಇದ್ದವರು ಹೇಳಿ

ಹಾಸನದ ಹುಡುಗ, ಫ್ರಿಸ್ಕೊ (2024 ಆಗಸ್ಟ್ 30)

ಎಲ್ಲರಿಗೂ ನಮಸ್ಕಾರ. ಆಫೀಸಿನ ಫ್ಯಾಂಟಸಿ ಫುಟ್‌ಬಾಲ್ ಲೀಗಿಗೆ ಇದೇ ಮೊದಲ ಸಲ ಸೇರಿದ್ದೇನೆ. ಅಮೆರಿಕನ್ ಫುಟ್‌ಬಾಲಿನ ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟುವುದು, ಅವರು ಮೈದಾನದಲ್ಲಿ ಆಡಿದ್ದಕ್ಕೆ ನಮಗೆ ಪಾಯಿಂಟ್. 12 ತಂಡ, ತಲೆಗೆ 40 ಡಾಲರ್, ಪ್ರತಿ ಕ್ಯಾಚಿಗೆ ಒಂದು ಪಾಯಿಂಟ್. ಭಾನುವಾರ ಡ್ರಾಫ್ಟ್ (ಸರದಿಯ ಮೇಲೆ ಆಟಗಾರರನ್ನು ಆರಿಸುವುದು) ಇದೆ. ಮೊದಲ ಸುತ್ತುಗಳ ಬಗ್ಗೆ ಯೋಚನೆ ಇಲ್ಲ. ಕೊನೆಯಲ್ಲಿ ಬೆಂಚಿಗೆ (ಅಲ್ಲಿ ಕೂತವರ ಪಾಯಿಂಟ್ ಲೆಕ್ಕಕ್ಕಿಲ್ಲ) ಇಬ್ಬರು ವೈಡ್ ರಿಸೀವರ್ (ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವವರು) ಬೇಕು. ಮೂರು ಹೆಸರು ಬರೆದಿಟ್ಟಿದ್ದೇನೆ: ಕ್ಯಾರೊಲೈನಾದ ಆಡಂ ಥೀಲನ್, ಚಾರ್ಜರ್ಸ್‌ನ ಹೊಸಬ ಲ್ಯಾಡ್ ಮಕಾಂಕಿ, ಸ್ಯಾನ್ ಫ್ರಾನ್ಸಿಸ್ಕೊದ ಜಾವಾನ್ ಜೆನ್ನಿಂಗ್ಸ್. ಥೀಲನ್‌ಗೆ 34 ವರ್ಷ, ಆದರೆ ಹೋದ ವರ್ಷ 103 ಕ್ಯಾಚ್ ಹಿಡಿದಿದ್ದಾನೆ. ಜೆನ್ನಿಂಗ್ಸ್ ಮುಂದೆ ಅದೇ ತಂಡದ ಡೀಬೊ ಸ್ಯಾಮುಯೆಲ್ ಇದ್ದಾನೆ, ಬ್ರ್ಯಾಂಡನ್ ಅಯೂಕ್ ಕೂಡ ಈಗ ತಾನೇ ಹೊಸ ಒಪ್ಪಂದಕ್ಕೆ ಒಪ್ಪಿದ್ದಾನೆ. ನೀವಾಗಿದ್ದರೆ ಯಾರನ್ನು ತಗೋತಿದ್ರಿ?

ಚೆರ್ರಿ ಹಿಲ್ ಅಣ್ಣ

ತಮ್ಮಾ, ಯಾರನ್ನಾದರೂ ತಗೋ. ನಿನ್ನ ಊರಿನ ತಂಡದವನನ್ನು ಮಾತ್ರ ತಗೋಬೇಡ. ನನ್ನ ಕಥೆ ಕೇಳು.

2020. ಎಲ್ಲರೂ ಮನೆಯಲ್ಲೇ ಕೂತಿದ್ದ ವರ್ಷ. ನಮ್ಮ ಊರಿನ ತಂಡ ಈಗಲ್ಸ್‌ನಲ್ಲಿ ಇದ್ದಬದ್ದ ರಿಸೀವರ್‌ಗಳೆಲ್ಲ ಗಾಯ ಮಾಡಿಕೊಂಡು ಕೂತಿದ್ದರು. ಟ್ರ್ಯಾವಿಸ್ ಫುಲ್ಗಂ ಅಂತ ಒಬ್ಬ ಬಂದ. ನಾಲ್ಕನೇ ವಾರ ಸ್ಯಾನ್ ಫ್ರಾನ್ಸಿಸ್ಕೊ ಮೇಲೆ 42 ಯಾರ್ಡ್ ಟಚ್‌ಡೌನ್, ಅಂದರೆ ಚೆಂಡನ್ನು ಎದುರಿನವರ ಕೊನೆಯ ಗೆರೆ ದಾಟಿಸಿದ, ಮ್ಯಾಚು ಗೆದ್ದೆವು. ಐದನೇ ವಾರ ಪಿಟ್ಸ್‌ಬರ್ಗ್ ಮೇಲೆ 10 ಕ್ಯಾಚ್, ಹಿಡಿದು ಮುಂದೆ ಸಾಗಿದ್ದು 152 ಯಾರ್ಡ್. ನಾನು ಸೋಫಾ ಮೇಲೆ ನಿಂತಿದ್ದೆ. ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ಏನಾಯ್ತು ಅಂದಳು.

ವೇವರ್‌ಗೆ ವರ್ಷಕ್ಕೆ 100 ಡಾಲರ್ ಆಟದ ದುಡ್ಡು. ಯಾರ ತಂಡದಲ್ಲೂ ಇಲ್ಲದವರನ್ನು ಅದರಲ್ಲಿ ಗುಟ್ಟಾಗಿ ಬಿಡ್ ಹಾಕಿ ಕೊಳ್ಳಬೇಕು. ಆಗ ನನ್ನ ಹತ್ತಿರ 81 ಉಳಿದಿತ್ತು. ಮಂಗಳವಾರ ರಾತ್ರಿ ಮೊದಲು 31 ಹಾಕಿದೆ. ಹತ್ತು ಗಂಟೆಗೆ ತಿದ್ದಿ 44 ಮಾಡಿದೆ. ಮಲಗುವ ಮುಂಚೆ ಇನ್ನೊಮ್ಮೆ ನೋಡಿ 63 ಮಾಡಿದೆ. ಬೆಳಿಗ್ಗೆ ನೋಡಿದರೆ ನನ್ನ ನಂತರದ ಬಿಡ್ಡು 22. ಅಂದರೆ 40 ಡಾಲರ್ ಸುಮ್ನೆ ಮೋರಿಗೆ. ಜಾಗ ಮಾಡಲು ಆಗ ಹೊಸಬನಾಗಿದ್ದ ಇದೇ ಅಯೂಕ್‌ನನ್ನು ಬಿಟ್ಟೆ.

ಫುಲ್ಗಂ ಐದು ಮ್ಯಾಚಿನಲ್ಲಿ 435 ಯಾರ್ಡ್ ಹೊಡೆದ. ಇಡೀ ವರ್ಷದ ಲೆಕ್ಕ 539. ಉಳಿದದ್ದು ನೀನೇ ಕಳೆದು ನೋಡು. ಬೈ ವಾರ (ಮ್ಯಾಚ್ ಇಲ್ಲದ ವಾರ) ಮುಗಿಸಿ ಬಂದವನು ಬೇರೆಯೇ ಮನುಷ್ಯ. ನಾನು ಮಾತ್ರ ಇವತ್ತು ಹೊಡೀತಾನೆ, ನಾಳೆ ಹೊಡೀತಾನೆ ಅಂತ ನಾಲ್ಕು ವಾರ ಆಡಿಸಿದೆ. 3.4 ಪಾಯಿಂಟಿನಲ್ಲಿ ಪ್ಲೇಆಫ್ ತಪ್ಪಿತು. ಅಯೂಕ್ ಆ ವರ್ಷ 748 ಯಾರ್ಡ್.

ಹೊಟ್ಟೆ ಉರಿಯುವುದು ಇದಕ್ಕಲ್ಲ. ಅದೇ ಪಿಟ್ಸ್‌ಬರ್ಗ್ ಮ್ಯಾಚಿನಲ್ಲಿ ಎದುರು ತಂಡದ ಚೇಸ್ ಕ್ಲೇಪೂಲ್ ನಾಲ್ಕು ಟಚ್‌ಡೌನ್ ಹೊಡೆದ. ಅವನೂ ನಮ್ಮ ಲೀಗಿನಲ್ಲಿ ಖಾಲಿ ಇದ್ದ. ಟಿವಿಯಲ್ಲಿ ಕಣ್ಣೆದುರೇ ನೋಡಿದೆ, ಬೈದೆ. ಅವನು ಬೇರೆಯವನಿಗೆ 27ಕ್ಕೆ ಹೋದ.

ಸನ್ನಿವೇಲ್ ಅಕ್ಕ

ಮೂರು ಸಲ ಬಿಡ್ ತಿದ್ದಿದ್ದೀರಲ್ಲ, ಅಲ್ಲೇ ತಪ್ಪಿದ್ದು. ಒಬ್ಬ ಚೆನ್ನಾಗಿ ಆಡಿ ಊರಿಗೆಲ್ಲ ಗೊತ್ತಾದ ಮೇಲೆ ಹೋಗಿ ಚೌಕಾಸಿ ಮಾಡಿದರೆ ಹೀಗೇ ಆಗುತ್ತೆ. ಅದಕ್ಕಿಂತ ಮುಂಚೆ ಹೋಗಬೇಕು.

ನಾನು 2023ರಲ್ಲಿ ಸೇರಿದ್ದು ನಮ್ಮ ಯಜಮಾನರ ಗೆಳೆಯರ ಲೀಗಿಗೆ. ಒಬ್ಬರು ಕಡಿಮೆ ಇದ್ದರು, ಸುಮ್ನೆ ಲೆಕ್ಕಕ್ಕೆ ಅಂತ ಸೇರಿಸಿಕೊಂಡರು. ಎರಡನೇ ಸುತ್ತಿನಲ್ಲಿ ರ್ಯಾಮ್ಸ್ ತಂಡದ ಕೂಪರ್ ಕಪ್‌ನನ್ನು ತಗೊಂಡೆ. 2021ರಲ್ಲಿ 145 ಕ್ಯಾಚ್, 1947 ಯಾರ್ಡ್ ಹೊಡೆದವನು. ತೊಡೆ ಹಿಡಿದಿದೆ ಅಂತ ಸುದ್ದಿ ಇತ್ತು. ಎಲ್ಲರೂ ನಕ್ಕರು. ಸೆಪ್ಟೆಂಬರ್ 9, ಶನಿವಾರ, ಕಪ್ ಗಾಯಾಳುಗಳ ಪಟ್ಟಿಗೆ ಹೋದ. ಕನಿಷ್ಠ ನಾಲ್ಕು ಮ್ಯಾಚ್ ಇಲ್ಲ.

ನಾನು ಆಗ ದೋಸೆಗೆ ರುಬ್ಬುತ್ತಿದ್ದೆ. ಗ್ರೈಂಡರ್ ನಿಲ್ಲಿಸಿ ಕೈ ಒರೆಸಿಕೊಂಡು ಫೋನ್ ತೆಗೆದೆ. ಕಪ್‌ಗೆ ಎಸೆಯುತ್ತಿದ್ದ ಚೆಂಡೆಲ್ಲ ಇನ್ನು ಯಾರಿಗೋ ಹೋಗಲೇಬೇಕಲ್ಲ, ಅದಿಷ್ಟೇ ನನ್ನ ಲೆಕ್ಕ. ನಿಜವಾದ ತಂಡಗಳ ಡ್ರಾಫ್ಟಿನ ಐದನೇ ಸುತ್ತಿನಲ್ಲಿ, 177ನೆಯವನಾಗಿ ಅದೇ ತಂಡಕ್ಕೆ ಆಯ್ಕೆಯಾಗಿದ್ದ ಒಬ್ಬ ಹೊಸಬ ಇದ್ದ. ಪೂಕಾ ನಕೂವಾ. ತಗೊಂಡೆ. ಮಾರನೇ ದಿನ ಸಿಯಾಟಲ್‌ನಲ್ಲಿ 10 ಕ್ಯಾಚ್, 119 ಯಾರ್ಡ್. ಎರಡನೇ ವಾರ 15 ಕ್ಯಾಚ್, 147. ವರ್ಷ ಮುಗಿದಾಗ 105 ಕ್ಯಾಚ್, 1486 ಯಾರ್ಡ್. ನಿಜವಾದ ಲೀಗಿನ (ಎನ್‌ಎಫ್‌ಎಲ್) ಇತಿಹಾಸದಲ್ಲಿ ಯಾವ ಹೊಸಬನೂ ಅಷ್ಟು ಹೊಡೆದಿರಲಿಲ್ಲ. ನನಗೆ ಬಿದ್ದ ಖರ್ಚು ಸೊನ್ನೆ. ಪೂಕಾ ಪುಕ್ಕಟೆ ಅಂತ ತಂಡಕ್ಕೆ ಹೆಸರಿಟ್ಟೆ. ಈಗಲೂ ಅದೇ ಹೆಸರು.

ಸೋಮವಾರ ನಮ್ಮ ಯಜಮಾನರೇ ಮೂರು ಜನರನ್ನು ಕೊಡ್ತೀನಿ, ಅವನನ್ನು ಕೊಡು ಅಂದರು. ಕೊಡಲಿಲ್ಲ. ಒಂದು ವಾರ ಮನೆಯಲ್ಲಿ ಮಾತು ಕಡಿಮೆ ಇತ್ತು.

ಚೆರ್ರಿ ಹಿಲ್ ಅಣ್ಣ

ಅಕ್ಕ, ನಿಮಗೆ ಅದೃಷ್ಟ ಇತ್ತು ಅನ್ನಿ, ಒಪ್ಪುತ್ತೇನೆ. ಅದನ್ನು ಲೆಕ್ಕಾಚಾರ ಅನ್ನಬೇಡಿ. ಅವತ್ತು ಅದೇ ತಂಡದಲ್ಲಿ ಟುಟು ಆಟ್‌ವೆಲ್ ಕೂಡ 119 ಯಾರ್ಡ್ ಹೊಡೆದ. ಅವನನ್ನು ತಗೊಂಡಿದ್ದರೆ?

ಸನ್ನಿವೇಲ್ ಅಕ್ಕ

ತಗೊಳ್ಳಲಿಲ್ಲವಲ್ಲ.

ಕುಂದಾಪ್ರದವ, ಬಾಸ್ಟನ್

ಮಾರಾಯ್ರೆ, ನೀವು ಯಾರೂ ಫುಟ್‌ಬಾಲ್ ಬಗ್ಗೆ ಮಾತಾಡುತ್ತಾ ಇಲ್ಲ. ಲಾಟರಿ ಬಗ್ಗೆ ಮಾತಾಡುತ್ತಾ ಇದ್ದೀರಿ.

ನಿಜವಾದ ತಂಡ ಬೆಂಚಿನ ರಿಸೀವರನ್ನು ಹೇಗೆ ಆರಿಸುತ್ತದೆ ಗೊತ್ತುಂಟಾ? ಈ ಮಂಗಳವಾರ ತಾನೇ 90 ಜನರನ್ನು 53ಕ್ಕೆ ಇಳಿಸಿದರು. ಅದರಲ್ಲಿ ರಿಸೀವರ್‌ಗಳಿಗೆ ಐದು, ಹೆಚ್ಚೆಂದರೆ ಆರು ಜಾಗ. ಮ್ಯಾಚಿನ ದಿನ ಆಡಲು ಸಿಗುವವರು 48 ಜನ ಮಾತ್ರ. ಹಾಗಾಗಿ ಐದನೆಯವನು, ಆರನೆಯವನು ಕ್ಯಾಚ್ ಹಿಡಿಯುತ್ತಾನಾ ಅಂತ ಕೋಚ್ ಕೇಳುವುದೇ ಇಲ್ಲ. ಕಿಕ್ ಆದ ಕೂಡಲೇ ಓಡಿಹೋಗಿ ಎದುರಿನವನನ್ನು ಕೆಡವುತ್ತಾನಾ? ಪಂಟ್ (ಎದುರು ತಂಡ ಒದ್ದು ಕಳಿಸಿದ ಚೆಂಡು) ಹಿಡಿಯುತ್ತಾನಾ? ನಮ್ಮ ಪೇಟ್ರಿಯಟ್ಸ್‌ನ ಮ್ಯಾಥ್ಯೂ ಸ್ಲೇಟರ್ 16 ವರ್ಷ ಆಡಿದ. ಪಟ್ಟಿಯಲ್ಲಿ ವೈಡ್ ರಿಸೀವರ್. ರೆಗ್ಯುಲರ್ ಸೀಸನ್ನಿನಲ್ಲಿ ಹಿಡಿದ ಕ್ಯಾಚು ಇಡೀ ಜನ್ಮಕ್ಕೆ ಒಂದು. ಪ್ರೋ ಬೌಲ್‌ಗೆ (ಶ್ರೇಷ್ಠ ಆಟಗಾರರ ತಂಡ) ಹೋದದ್ದು ಹತ್ತು ಸಲ. ಜೂಲಿಯನ್ ಎಡೆಲ್ಮನ್ ಕಾಲೇಜಿನಲ್ಲಿ ಚೆಂಡು ಎಸೆಯುವವನು, ಕ್ವಾರ್ಟರ್‌ಬ್ಯಾಕ್. 2009ರಲ್ಲಿ ಏಳನೇ ಸುತ್ತಿನಲ್ಲಿ ಬಂದ. ಪಂಟ್ ಹಿಡಿದ. 2011ರಲ್ಲಿ ಜನ ಸಾಲದೆ ಡಿಫೆನ್ಸಿನಲ್ಲೂ ನಿಂತ. ಆಮೇಲೆ ಫೈನಲ್, ಅಂದರೆ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ ಆದ.

ಜೆನ್ನಿಂಗ್ಸ್ ಅಂಥದ್ದೇ ಗಟ್ಟಿ ಜನ. ಅವನೂ ಏಳನೇ ಸುತ್ತು. ಮೊದಲ ವರ್ಷ ಪಟ್ಟಿಯಿಂದ ತೆಗೆದು ಪ್ರ್ಯಾಕ್ಟೀಸ್ ಸ್ಕ್ವಾಡಿಗೆ ಹಾಕಿದ್ದರು. ಈ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಒಂದು ಟಚ್‌ಡೌನ್ ಎಸೆದ, ಒಂದು ಹಿಡಿದ. ಅವನ ನಿಜವಾದ ಬೆಲೆ ಬ್ಲಾಕಿಂಗ್. ಓಟಗಾರನಿಗೆ ದಾರಿ ಮಾಡಿಕೊಡುವುದು. ಅದಕ್ಕೆ ನಿಮ್ಮ ಆಪ್‌ನಲ್ಲಿ ಪಾಯಿಂಟ್ ಇಲ್ಲ. ಹಾಗಾಗಿ ಅವನನ್ನು ಫ್ಯಾಂಟಸಿಗೆ ಎಳೆಯಬೇಡಿ. ಅವನಿಗೆ ಅವಮಾನ.

ಜಯನಗರ 4ನೇ ಬ್ಲಾಕ್

ನಾನು ಬೆಂಗಳೂರಿನಿಂದಲೇ ನಮ್ಮ ಅಮೆರಿಕದ ಟೀಮಿನವರ ಲೀಗಿನಲ್ಲಿ ಆಡುತ್ತೇನೆ. ನಿಮಗೆ ಭಾನುವಾರ ಮಧ್ಯಾಹ್ನ ಶುರುವಾಗುವುದು ನನಗೆ ರಾತ್ರಿ ಹತ್ತೂವರೆ. ಕೊನೆಯ ಮ್ಯಾಚ್ ಸೋಮವಾರ ಬೆಳಿಗ್ಗೆ, ಹಾಲಿನವನು ಬರುವ ಹೊತ್ತಿಗೆ.

ಬೆಂಚು ಅಂದರೆ ಏನು ಅಂತ ಆರ್‌ಸಿಬಿಯವರನ್ನು ಕೇಳಿ. 2011ರ ಹರಾಜಿನಲ್ಲಿ ಗೇಲ್‌ನನ್ನು ಯಾರೂ ಕೊಳ್ಳಲಿಲ್ಲ. ಡರ್ಕ್ ನ್ಯಾನಿಸ್‌ಗೆ ಗಾಯ ಆಯ್ತು, ಬದಲಿಗೆ ಬಂದ. 608 ರನ್, ಆರೆಂಜ್ ಕ್ಯಾಪ್. ಅಕ್ಕ ಹೇಳಿದ ಪೂಕಾ ಅಂದರೆ ಅದೇ. ವೇವರ್ ಅಂದರೆ ಅದೇ.

ಚೆರ್ರಿ ಹಿಲ್ ಅಣ್ಣ

ಅದೇ ಆರ್‌ಸಿಬಿ ಚಾಹಲ್‌ನನ್ನು ಬಿಟ್ಟಿದ್ದೂ ಹೇಳಿ. 2022ರಲ್ಲಿ ರಾಜಸ್ಥಾನಕ್ಕೆ ಹೋಗಿ 27 ವಿಕೆಟ್. ಪರ್ಪಲ್ ಕ್ಯಾಪ್.

ಜಯನಗರ 4ನೇ ಬ್ಲಾಕ್

ಚಾಹಲ್ ವಿಷಯ ಬೇರೆ. ಅದನ್ನು ಇಲ್ಲಿ ತರಬೇಡಿ.

ಚೆರ್ರಿ ಹಿಲ್ ಅಣ್ಣ

ಗೇಲ್ ತರಬಹುದು, ಚಾಹಲ್ ತರಬಾರದು. ಸರಿ ಸಾರ್.

ಜಯನಗರ 4ನೇ ಬ್ಲಾಕ್

63 ಡಾಲರ್ ಕೊಟ್ಟು ಫುಲ್ಗಂ ತಗೊಂಡವರು ಆರ್‌ಸಿಬಿಗೆ ಬುದ್ಧಿ ಹೇಳುವಷ್ಟು ದೂರ ಬಂದರಾ?

ಕುಂದಾಪ್ರದವ, ಬಾಸ್ಟನ್

ಕ್ರಿಕೆಟ್ ಬೇರೆ, ಇದು ಬೇರೆ ಮಾರಾಯ. ಹನ್ನೆರಡನೆಯವನು ನೀರು ತರುತ್ತಾನೆ. ಇಲ್ಲಿ ಆರನೇ ರಿಸೀವರ್ ಪ್ರತಿ ಕಿಕ್ಕಿಗೂ ಮೈ ಒಡ್ಡುತ್ತಾನೆ.

ಸನ್ನಿವೇಲ್ ಅಕ್ಕ

ಆ ಹುಡುಗ ಮೂರು ಹೆಸರು ಕೇಳಿದ್ದ. ನೆನಪಿದೆಯಾ ಯಾರಿಗಾದರೂ? ತಮ್ಮಾ, ಮಕಾಂಕಿ ಕೊನೆಯವರೆಗೆ ಉಳಿಯಲ್ಲ, ಬೇಕಿದ್ದರೆ ಮೂರು ಸುತ್ತು ಮುಂಚೆ ತಗೋ. ಇನ್ನೊಂದು ಮಾತು. ವಾರದ ಕೊನೆಯ ಗಾಯದ ವರದಿ ಶುಕ್ರವಾರ ಬರುತ್ತೆ. ಅದನ್ನು ಓದದೆ ತಂಡ ಇಳಿಸಬೇಡ.

ಬೆಲ್‌ವ್ಯೂ ದಾವಣಗೆರೆ

ತಡವಾಗಿ ಬಂದೆ. 40 ಡಾಲರ್ ಯಾರ ಕೈಗೆ ಕೊಟ್ಟೆ ಅಂತ ಮೊದಲು ಹೇಳಪ್ಪ. ನಾನು 2022ರಲ್ಲಿ ಲೀಗ್ ಗೆದ್ದೆ. ಹತ್ತು ತಂಡ, ತಲೆಗೆ 50. ನನಗೆ 350 ಬರಬೇಕಿತ್ತು. ನಡೆಸುತ್ತಿದ್ದ ಪುಣ್ಯಾತ್ಮ ಜನವರಿಯಲ್ಲಿ ಕೆಲಸ ಬಿಟ್ಟ. ಮೊದಲು 100 ಕಳಿಸಿದ. ಯುಗಾದಿಗೆ ಇನ್ನೊಂದು 60. ಬಾಕಿ 190. ಈಗಲೂ ಅವನ ಹುಟ್ಟುಹಬ್ಬಕ್ಕೆ ತಪ್ಪದೆ ಶುಭಾಶಯ ಹೇಳುತ್ತೇನೆ, ನೆನಪಾಗಲಿ ಅಂತ. ಬೆಂಚಿಗೆ ಯಾರು ಅನ್ನೋದೆಲ್ಲ ಆಮೇಲೆ.

ಚೆರ್ರಿ ಹಿಲ್ ಅಣ್ಣ

190 ಹೋದರೂ ನೀವು ಗೆದ್ದಿದ್ದೀರಿ. ನಾನು ಏಳನೆಯವನು.

ಹಾಸನದ ಹುಡುಗ, ಫ್ರಿಸ್ಕೊ (2024 ಸೆಪ್ಟೆಂಬರ್ 23)

ಎಲ್ಲರಿಗೂ ಧನ್ಯವಾದ. ಏನಾಯ್ತು ಅಂತ ಹೇಳಿಬಿಡುತ್ತೇನೆ.

ಮಕಾಂಕಿ ಸಿಗಲಿಲ್ಲ, ನನ್ನ ಸರದಿಗೆ ಎರಡು ಹೆಸರು ಮುಂಚೆ ಹೋದ. ಥೀಲನ್, ಜೆನ್ನಿಂಗ್ಸ್ ಇಬ್ಬರನ್ನೂ ತಗೊಂಡೆ. ನಿನ್ನೆ ಮೂರನೇ ವಾರ. ಇಬ್ಬರಲ್ಲಿ ಒಬ್ಬನಿಗೆ ಜಾಗ ಇತ್ತು, ಥೀಲನ್ ಇದ್ದ. ಡೀಬೊಗೆ ಮೀನಖಂಡದ ಗಾಯ, ಅದೇ ತಂಡದ ಕಿಟಲ್ ಇಲ್ಲ, ಮಕ್‌ಕ್ಯಾಫ್ರಿ ಮೊದಲೇ ಇಲ್ಲ. ಇದೆಲ್ಲ ಗೊತ್ತಿತ್ತು. ಸನ್ನಿವೇಲ್ ಅಕ್ಕ ಹೇಳಿದ ಹಾಗೆ ಶುಕ್ರವಾರ ಓದಿದ್ದೆ ಕೂಡ. ಮಧ್ಯಾಹ್ನ ಜೆನ್ನಿಂಗ್ಸ್‌ನನ್ನು ಹಾಕೋಣ ಅಂದುಕೊಂಡಿದ್ದೆ.

ನಿನ್ನೆ ನಮ್ಮಲ್ಲಿ ಗಣೇಶನ ಹಬ್ಬದ ಕಾರ್ಯಕ್ರಮ. ನನಗೆ ಬಡಿಸುವ ಡ್ಯೂಟಿ, ಚಿತ್ರಾನ್ನದ ಪಾತ್ರೆ ಹತ್ತಿರ. ಎರಡೂ ಕೈಗೆ ಪ್ಲಾಸ್ಟಿಕ್ ಗ್ಲೌಸ್. ಸಾಲು ಬಾಗಿಲಿನಾಚೆ ಹೋಗಿತ್ತು. ಮ್ಯಾಚು ಶುರುವಾಗಲು ಐದು ನಿಮಿಷ ಇರುವಾಗ ಒಂದು ಗ್ಲೌಸ್ ಬಿಚ್ಚಿದೆ. ಅಷ್ಟರಲ್ಲಿ ಒಬ್ಬರು ಆಂಟಿ, ಪುಟ್ಟಾ ಕಡಲೆಬೀಜ ಮೇಲಿಂದ ಹಾಕು ಅಂದರು. ಹಾಕಿದೆ. ಫೋನ್ ತೆಗೆಯುವ ಹೊತ್ತಿಗೆ ಹೆಸರಿನ ಪಕ್ಕ ಬೀಗದ ಗುರುತು ಬಂದಿತ್ತು, ಇನ್ನು ಬದಲಾಯಿಸುವ ಹಾಗಿಲ್ಲ.

ಜೆನ್ನಿಂಗ್ಸ್ 11 ಕ್ಯಾಚ್, 175 ಯಾರ್ಡ್, ಮೂರು ಟಚ್‌ಡೌನ್. 46.5 ಪಾಯಿಂಟ್, ಬೆಂಚಿನ ಮೇಲೆ. ಥೀಲನ್ ಒಂದು ಟಚ್‌ಡೌನ್ ಹಿಡಿದ, ಹಿಡಿಯುವಾಗಲೇ ತೊಡೆಯ ಹಿಂದಿನ ಸ್ನಾಯು ಎಳೆದುಕೊಂಡ. ನಾನು 21 ಪಾಯಿಂಟಿನಲ್ಲಿ ಸೋತೆ.

ಕುಂದಾಪ್ರದವ, ಬಾಸ್ಟನ್

ನಾನು ಆಗಸ್ಟಿನಲ್ಲೇ ಹೇಳಿದ್ದೆ, ಅವನು ಗಟ್ಟಿ ಜನ ಅಂತ.

ಸನ್ನಿವೇಲ್ ಅಕ್ಕ

ಫ್ಯಾಂಟಸಿಗೆ ಎಳೆಯಬೇಡಿ ಅಂದಿದ್ದೂ ನೀವೇ. ಮೇಲೆ ಹೋಗಿ ಓದಿ.

ಕುಂದಾಪ್ರದವ, ಬಾಸ್ಟನ್

ಎಳೆದು ಬೆಂಚಿನಲ್ಲಿ ಕೂರಿಸಿ ಅಂತ ನಾನೇನೂ ಹೇಳಿಲ್ಲ.

ಚೆರ್ರಿ ಹಿಲ್ ಅಣ್ಣ

ತಮ್ಮಾ, ಈಗ ಅವನಿಗೆ ಒಳ್ಳೆ ಬೆಲೆ ಬರುತ್ತೆ. ಡೀಬೊ ವಾಪಸ್ ಬರುವ ಮುಂಚೆ ಮಾರಿಬಿಡು. ಇನ್ನೊಂದು ವಾರ ನೋಡೋಣ ಅಂತ ಕೂರಬೇಡ, ಆಮೇಲೆ ಯಾರೂ ಕೇಳಲ್ಲ. 2020ರಲ್ಲಿ ಎಂಟನೇ ವಾರ ನನಗೆ ಫುಲ್ಗಂ ಬದಲಿಗೆ ಒಬ್ಬರು ಟೈಲರ್ ಲಾಕೆಟ್‌ನನ್ನು ಕೊಡಲು ಬಂದಿದ್ದರು. ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ.

ಜಯನಗರ 4ನೇ ಬ್ಲಾಕ್

ಚಾಹಲ್‌ನನ್ನು ಬಿಟ್ಟಿದ್ದಕ್ಕೆ ನಗುತ್ತಿದ್ದವರು ಇವರೇ ಅಲ್ವಾ?