ನಾಲ್ಕೂ ಅಕ್ಷರ ಗೊತ್ತಿದ್ದರೂ ಅರ್ಥ ಕೈಗೆ ಸಿಗದ ಚೀನೀ ಚೆಂಗ್‌ಯುಗಳು

ಪ್ರಶ್ನೆ

ಚೀನೀ ಭಾಷೆಯ ನಾಲ್ಕಕ್ಷರದ ನುಡಿಗಟ್ಟುಗಳನ್ನು, ಅಂದರೆ ಚೆಂಗ್‌ಯುಗಳನ್ನು ಬಿಡಿಸುವಾಗ ಲೆಕ್ಕ ತಪ್ಪುತ್ತಿದೆ. ‘ಹೂ ಜ್ಯಾ ಹೂ ವೇಯ್’ನಲ್ಲಿ ನರಿ, ಸುಳ್ಳು, ಹುಲಿ, ಗತ್ತು ಎಂಬ ನಾಲ್ಕು ಪದಗಳಿವೆ. ‘ಸುಳ್ಳು ನರಿ, ಹುಲಿಯ ಗತ್ತು’ ಎಂದು ಎರಡೆರಡಾಗಿ ಒಡೆದು ಓದಬಹುದೇ? ‘ಯೀ ಯೀ ದಾಯ್ ಶ್ವೇಯ್’ ಇನ್ನೂ ಕಷ್ಟ: ಒಂದು, ಬಟ್ಟೆ, ಪಟ್ಟಿ, ನೀರು. ಕನ್ನಡಕ್ಕೆ ತರುವಾಗ ಮೂಲದ ಚಿತ್ರವನ್ನೇ ಉಳಿಸಬೇಕೋ ನಮ್ಮ ಗಾದೆಯನ್ನು ಇಡಬೇಕೋ ಎಂಬುದೂ ತಿಳಿಯಬೇಕಿದೆ.

ಉತ್ತರ 1

ಎರಡೆರಡಾಗಿ ಒಡೆಯುವುದು ಬಾಯಿಯ ಲಯ. ಅರ್ಥ ಯಾವಾಗಲೂ ಅಲ್ಲೇ ಒಡೆಯುವುದಿಲ್ಲ. ಜೊತೆಗೆ ಚೆಂಗ್‌ಯುವಿನಲ್ಲಿ ಪದಗಳು ಹಳೆಯ ಅರ್ಥವನ್ನೇ ಹಿಡಿದುಕೊಂಡಿರುತ್ತವೆ. ಇಂದು ‘ಜ್ಯಾ’ ಎಂದರೆ ಸುಳ್ಳು, ಆದರೆ ಇಲ್ಲಿ ಅದು ‘ಕಡ ತರು’ ಎಂಬ ಕ್ರಿಯಾಪದ. ನರಿ ಹುಲಿಯ ಗತ್ತನ್ನು ಕಡ ತಂದಿತು, ಅಷ್ಟೆ. ಕರ್ತೃ ಒಂದಕ್ಷರ, ಕ್ರಿಯೆ ಒಂದಕ್ಷರ, ಕರ್ಮ ಎರಡಕ್ಷರ. ‘ಝಾನ್‌ಗುವೋ ತ್ಸ’ ಎಂಬ ಪ್ರಾಚೀನ ಚೀನೀ ಗ್ರಂಥದ ಕಥೆಯಲ್ಲಿ ನರಿ ಮುಂದೆ, ಹುಲಿ ಹಿಂದೆ ನಡೆಯುತ್ತವೆ. ಪ್ರಾಣಿಗಳು ಓಡುವುದು ಹಿಂದಿರುವ ಹುಲಿಯನ್ನು ಕಂಡು; ಹುಲಿ ಮಾತ್ರ ಅವು ನರಿಗೇ ಹೆದರಿದವೆಂದು ನಂಬುತ್ತದೆ. ಹಾಗಾಗಿ ಇದು ಬರಿಯ ಮೋಸಗಾರನಿಗೆ ಹೇಳುವ ಮಾತಲ್ಲ. ದೊಡ್ಡವರ ಬೆನ್ನಬಲ ತೋರಿಸಿ ದರ್ಪ ಮೆರೆಯುವವನಿಗೆ ಹೇಳುವುದು.

‘ಯೀ ಯೀ ದಾಯ್ ಶ್ವೇಯ್’ ಒಡೆಯುವುದು 3+1 ಆಗಿ. ‘ಯೀ-ದಾಯ್’ ಒಂದೇ ಪದ: ನಡುಪಟ್ಟಿ. ಒಂದು ನಡುಪಟ್ಟಿಯಷ್ಟು ಅಗಲದ ನೀರು. ದಕ್ಷಿಣದ ಛೆನ್ ರಾಜ್ಯದ ಮೇಲೆ ದಂಡೆತ್ತುವ ಮೊದಲು ಸುಯ್ ವಂಶದ ವೆನ್ ಚಕ್ರವರ್ತಿ ಯಾಂಗ್‌ತ್ಸೆ ನದಿಯನ್ನು ಹೀಗೆ ಕರೆದ. ಅಷ್ಟು ದೊಡ್ಡ ಹೊಳೆ ಅವನ ಬಾಯಲ್ಲಿ ಒಂದು ಪಟ್ಟಿಯಾಯಿತು, ಚಿತ್ರದ ಬಿರುಸು ಇರುವುದೇ ಅಲ್ಲಿ. ಈಗ ಇದನ್ನು ನಡುವೆ ನೀರಿದ್ದರೂ ಹತ್ತಿರದವರೆನಿಸುವ ನೆರೆಯವರಿಗೆ ಬಳಸುತ್ತಾರೆ.

ಹಳೆಯ ಅರ್ಥದ ಬಲೆಗೆ ಇನ್ನೊಂದು ಉದಾಹರಣೆ ‘ಜೋವ್ ಮಾ ಗ್ವಾನ್ ಹ್ವಾ’. ಇಂದಿನ ‘ಜೋವ್’ ನಡಿಗೆ, ಹಳೆಯ ‘ಜೋವ್’ ಓಟ. ಕುದುರೆ ಓಡಿಸುತ್ತಲೇ ಹೂ ನೋಡುವುದು, ಅಂದರೆ ಮೇಲುಮೇಲೆ ಕಣ್ಣಾಡಿಸುವುದು. ನಡಿಗೆ ಎಂದು ಓದಿದರೆ ಆ ಅವಸರವೇ ಮಾಯ.

ಉತ್ತರ 2

ಮೇಲಿನದಕ್ಕೆ ಸಂಖ್ಯೆಗಳ ವಿಷಯ ಸೇರಿಸಬೇಕು. ‘ಮೂರು… ನಾಲ್ಕು’ ಜೋಡಿ ಬಂದರೆ ಹೆಚ್ಚಾಗಿ ಅಸ್ತವ್ಯಸ್ತ: ‘ದ್ಯೂ ಸಾನ್ ಲಾ ಸ’, ಮೂರು ಕಳೆದು ನಾಲ್ಕು ಬಿಡುವುದು, ಎಂದರೆ ಕಂಡಕಂಡಲ್ಲಿ ಮರೆತು ಬರುವುದು. (‘ಬೀಳು’ ಎಂಬರ್ಥದಲ್ಲಿ ‘ಲ್ವೊ’ ಎನ್ನುವ ಅಕ್ಷರವನ್ನು ಇಲ್ಲಿ ‘ಲಾ’ ಎಂದೇ ಓದಬೇಕು.) ‘ಏಳು… ಎಂಟು’ ಬಂದರೆ ಗೊಂದಲ, ಗದ್ದಲ. ‘ಚೀ ಶಾಂಗ್ ಬಾ ಶ್ಯಾ’, ಏಳು ಮೇಲೆ ಎಂಟು ಕೆಳಗೆ, ಮನಸ್ಸಿನ ತಳಮಳಕ್ಕೆ. ಬಾವಿಯಲ್ಲಿ ಹದಿನೈದು ಕೊಡ ಏರಿಳಿಯುತ್ತಿರುವಂತೆ ಎಂಬ ಚಿತ್ರ ಇದರ ಜೊತೆಗೇ ಬಳಕೆಯಲ್ಲಿದೆ. ‘ಸಾವಿರ… ಹತ್ತು ಸಾವಿರ’ ಬಂದರೆ ಎಣಿಕೆ ಮೀರಿದ್ದು.

ಸಂಖ್ಯೆಯ ಜೋಡಿ ಕಥೆಯ ನೆನಪನ್ನೇ ಮಸುಕಾಗಿಸುವುದೂ ಉಂಟು. ‘ಝಾವ್ ಸಾನ್ ಮು ಸ’ದ ಮೂಲ ‘ಝುವಾಂಗ್‌ಜಿ’ ಗ್ರಂಥ. ಬೆಳಿಗ್ಗೆ ಮೂರು, ಸಂಜೆ ನಾಲ್ಕು ಕಾಯಿ ಎಂದು ಸಾಕಿದವನು ಹೇಳಿದಾಗ ಕೋತಿಗಳು ಸಿಟ್ಟಾದವು. ಬೆಳಿಗ್ಗೆ ನಾಲ್ಕು, ಸಂಜೆ ಮೂರು ಎಂದಾಗ ಹಿಗ್ಗಿದವು. ಒಟ್ಟು ಏಳೇ. ಅಲ್ಲಿ ಮಾತು ಇದ್ದದ್ದು ಹೆಸರಿನ ವ್ಯತ್ಯಾಸಕ್ಕೆ ಮರುಳಾಗುವ ಬಗ್ಗೆ. ಇಂದಿನ ಬಳಕೆ ಚಂಚಲ ಸ್ವಭಾವದವನಿಗೆ, ಅದರಲ್ಲೂ ಪ್ರೀತಿಯಲ್ಲಿ. ಇಂದಿನ ಬರಹವನ್ನು ಓದುವಾಗ ಕೋತಿಗಳನ್ನು ನೆನೆದು ‘ವಂಚನೆ’ ಎಂದು ಅನುವಾದಿಸಿದರೆ ತಪ್ಪಾಗುತ್ತದೆ.

ಇನ್ನು ‘ಚೀ ಯುಯೆ ಲ್ಯೂ ಹ್ವೊ’. ಏಳನೇ ತಿಂಗಳು, ಹರಿವ ಬೆಂಕಿ. ಜುಲೈನ ಸುಡುಬಿಸಿಲು ಎಂದು ಚೀನೀಯರೇ ಎಷ್ಟೋ ಕಡೆ ಬರೆಯುತ್ತಾರೆ. ಆದರೆ ‘ಹ್ವೊ’ ಇಲ್ಲಿ ಒಂದು ಕೆಂಪು ನಕ್ಷತ್ರ, ನಮ್ಮ ಜ್ಯೇಷ್ಠಾ. ಚಾಂದ್ರಮಾನದ ಏಳನೇ ತಿಂಗಳ ಮುಸ್ಸಂಜೆಯಲ್ಲಿ ಅದು ಪಡುವಣಕ್ಕೆ ಜಾರತೊಡಗುತ್ತದೆ. ಅಂದರೆ ಸೆಕೆ ಇಳಿಯುತ್ತಿದೆ. ಈ ಮಾತು ಬರುವ, ‘ಷಿಜಿಂಗ್’ ಎಂಬ ಪ್ರಾಚೀನ ಕವನ ಸಂಕಲನದ ಕವಿತೆಯ ಮುಂದಿನ ಸಾಲೇ ಒಂಬತ್ತನೇ ತಿಂಗಳಲ್ಲಿ ಬೆಚ್ಚನೆಯ ಬಟ್ಟೆ ಹಂಚುವುದನ್ನು ಹೇಳುತ್ತದೆ. ಇಷ್ಟು ಚೆಂದದ ಆಕಾಶದ ಚಿತ್ರ ಬರಿಯ ಬಿಸಿಲಾಗಿಬಿಡುವುದು ನಿಜಕ್ಕೂ ನೋವಿನ ಸಂಗತಿ.

ಉತ್ತರ 3

ಅನುವಾದದ ಪ್ರಶ್ನೆಗೆ: ಗಾದೆಗೆ ಗಾದೆ ಇಡುವ ಮೊದಲು ಮೂಲದಲ್ಲಿ ತಪ್ಪು ಯಾರದು ಎಂದು ನೋಡಿ. ‘ದ್ವೇಯ್ ನ್ಯೂ ಥಾನ್ ಚಿನ್’, ಹಸುವಿನೆದುರು ‘ಚಿನ್’ ತಂತಿವಾದ್ಯ ನುಡಿಸುವುದು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬುದು ತಟ್ಟನೆ ನೆನಪಾಗುತ್ತದೆ, ಬಹಳ ಕಡೆ ಸರಿಯಾಗಿಯೇ ಕೂರುತ್ತದೆ. ಆದರೆ ಮೂಲ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಘನವಾದ ರಾಗಕ್ಕೆ ತಲೆಯೆತ್ತದೆ ಮೇಯುತ್ತಿದ್ದ ಹಸು, ನೊಣ ಸೊಳ್ಳೆಗಳ ಗುಂಯ್‌ಗುಟ್ಟುವಿಕೆ, ತಾಯಿ ಬಿಟ್ಟ ಕರುವಿನ ಕೂಗು ತಂತಿಯಲ್ಲಿ ಕೇಳಿದೊಡನೆ ಬಾಲ ಬೀಸಿ ಕಿವಿ ನಿಮಿರಿಸುತ್ತದೆ. ಕೇಳುವವರನ್ನು ಅರಿಯದೆ ನುಡಿಸಿದವನಿಗೂ ಈ ಚೆಂಗ್‌ಯು ಚುಚ್ಚುತ್ತದೆ. ನಮ್ಮ ಗಾದೆಯ ಹೊರೆಯೆಲ್ಲ ಕೋಣನ ಮೇಲೆ. ಮಾತಾಡಿದವನನ್ನೇ ಟೀಕಿಸುವ ಸಂದರ್ಭವಾದರೆ ಹಸುವನ್ನೇ ಉಳಿಸಿ.

‘ಹ್ವಾ ಶ ಥ್ಯೆನ್ ಜು’, ಹಾವು ಬರೆದು ಕಾಲು ಸೇರಿಸುವುದು. ಇದನ್ನು ‘ಅನಗತ್ಯ’ ಎಂದಷ್ಟೇ ಮಾಡಿದರೆ ಅರ್ಧ ಅರ್ಥ ಹೋಯಿತು. ಮೂಲ ಕಥೆಯಲ್ಲಿ, ಮೊದಲು ಹಾವು ಬರೆದವನಿಗೆ ಮದ್ಯ ಎಂಬ ಪಂದ್ಯ. ಮೊದಲು ಬರೆದು ಮುಗಿಸಿದವನು ಎಡಗೈಯಲ್ಲಿ ಮದ್ಯದ ಪಾತ್ರೆ ಹಿಡಿದೇ ಬಲಗೈಯಲ್ಲಿ ಕಾಲು ಬರೆಯುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಮುಗಿಸಿ ‘ಹಾವಿಗೆಲ್ಲಿಯ ಕಾಲು’ ಎಂದು ಪಾತ್ರೆ ಕಸಿಯುತ್ತಾನೆ. ಗೆದ್ದದ್ದೂ ಕೈಬಿಟ್ಟಿತು ಎಂಬ ಧ್ವನಿ ಉಳಿಯಬೇಕು. ‘ಹಾವಿಗೆ ಕಾಲು ಬರೆಯಲು ಹೋಗಿ ಕೆಡಿಸಿದ’ ಎಂದರೆ ಅಡಿಟಿಪ್ಪಣಿಯೇ ಬೇಡ. ನೀವೇ ಚೀನೀ ಬರೆಯುವಾಗ ಇದಕ್ಕೆ ಕರ್ಮಪದ ಸೇರಿಸಬೇಡಿ. ‘ಪ್ರಬಂಧವನ್ನು ಹ್ವಾ ಶ ಥ್ಯೆನ್ ಜು ಮಾಡಿದ’ ಎಂಬ ರಚನೆ ಆ ಭಾಷೆಯಲ್ಲಿ ನಿಲ್ಲದು.

ಮರುಪ್ರಶ್ನೆ

ತುಂಬ ಉಪಕಾರವಾಯಿತು. ‘ಖೊಂಗ್ ಶ್ಯುಯೆ ಲಾಯ್ ಫೆಂಗ್’ (ಬರಿದಾದ ಬಿಲಕ್ಕೆ ಗಾಳಿ ಬರುವುದು) ಒಂದು ಕಡೆ ‘ಆಧಾರವಿದೆ’, ಇನ್ನೊಂದು ಕಡೆ ‘ಆಧಾರವಿಲ್ಲ’ ಎಂದಿದೆ. ಯಾವುದು ಸರಿ?

ಉತ್ತರ 1

ಹಳೆಯದು ಮೊದಲನೆಯದು: ಬಿಲವಿದ್ದುದರಿಂದಲೇ ಗಾಳಿ ಬಂತು, ಸುದ್ದಿಗೆ ಕಾರಣವಿದೆ. ಇಂದಿನ ಬಳಕೆ ಬಹುಪಾಲು ಎರಡನೆಯದು. ಪಕ್ಕದ ಪದ ನೋಡಿ. ‘ಬಿಂಗ್ ಫೇಯ್’ ಅಥವಾ ‘ಜುಯೆ ಫೇಯ್’ (ಖಂಡಿತ ಅಲ್ಲ) ಇದಕ್ಕೆ ಮೊದಲು ಬಂದಿದ್ದರೆ ಅದು ಹೊಸ ಅರ್ಥ. ಆಗ ಇಡೀ ವಾಕ್ಯ ‘ಈ ಸುದ್ದಿ ಬುಡವಿಲ್ಲದ್ದಲ್ಲ’ ಎಂದಾಗುತ್ತದೆ.