ತೋಟದ ಗೋದಾಮಿಗೆ ಲಿನಕ್ಸ್ ಬೋರ್ಡ್: ಹೋಲಿಸಿ ನೋಡುವುದು ಹೇಗೆ?

ಮೂಡಿಗೆರೆಯಿಂದ ಕೇಳಿಕೆ: ಕಾಫಿ ತೋಟದ ಗೋದಾಮಿನಲ್ಲಿ ಮಳೆ ಮತ್ತು ತೇವಾಂಶದ ಲೆಕ್ಕ ಬರೆದಿಡಲು, ಸೋಲಾರ್ ಬ್ಯಾಟರಿಯ ಮೇಲೆ ಹಗಲಿರುಳು ನಡೆಯುವ ಲಿನಕ್ಸ್ ಬೋರ್ಡ್ (ಒಂದೇ ಹಲಗೆಯ ಚಿಕ್ಕ ಕಂಪ್ಯೂಟರ್) ಒಂದನ್ನು ಇಡಬೇಕೆಂದಿದ್ದೇನೆ. ರಾಸ್ಪ್‌ಬೆರಿ ಪೈ 4 ಮತ್ತು ಪೈ 5 ಎಂಬ ಎರಡು ಬೋರ್ಡುಗಳು ಪರೀಕ್ಷೆಗೆ ಸಿಕ್ಕಿವೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಹಾಸನದಿಂದ: ಎರಡರಲ್ಲೂ ಇರುವುದು ಮೊಬೈಲ್ ಫೋನುಗಳಲ್ಲಿ ಬಳಕೆಗೆ ಬಂದ ಆರ್ಮ್ ಕೋರ್‌ಗಳೇ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಭಾಗಗಳು), 2019ರ ಪೈ 4ರಲ್ಲಿ ಕಾರ್ಟೆಕ್ಸ್ ಎ72, 2023ರ ಪೈ 5ರಲ್ಲಿ 2.4 ಗಿಗಾಹರ್ಟ್ಸ್‌ನ ಕಾರ್ಟೆಕ್ಸ್ ಎ76. ಎರಡರಲ್ಲೂ ಒಂದೇ ಆವೃತ್ತಿಯ 64 ಬಿಟ್ ಲಿನಕ್ಸ್ ಹಾಕಿ, ಪ್ರೊಸೆಸರಿನ ವೇಗವನ್ನು ನಿರ್ಧರಿಸುವ ಗವರ್ನರನ್ನು ‘ಪರ್ಫಾರ್ಮೆನ್ಸ್’ಗೆ ಇಟ್ಟು ವೇಗ ಅಳೆಯಿರಿ. ಆದರೆ ಮೊದಲ ಓಟದ ಅಂಕಿಯನ್ನು ನಂಬಬೇಡಿ. ಡಿಸೆಂಬರಿನ ಚಳಿಯಲ್ಲಿ ಮನೆಯ ಮೇಜಿನ ಮೇಲೆ ನಾನು ಅಳೆದು ಮೆಚ್ಚಿಕೊಂಡಿದ್ದ ಪೈ 4, ಏಪ್ರಿಲ್ ಮಧ್ಯಾಹ್ನ ತಗಡಿನ ಸೂರಿನ ಕೆಳಗೆ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಹತ್ತು ನಿಮಿಷ ಕಳೆಯುವುದರೊಳಗೆ ನಿಧಾನವಾಯಿತು. 80 ಡಿಗ್ರಿ ಮುಟ್ಟುತ್ತಿದ್ದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಗಾಗಿ ಕಡತ ಕುಗ್ಗಿಸುವ ಸೆವೆನ್‌ಜಿಪ್ ತಂತ್ರಾಂಶದ ವೇಗ ಪರೀಕ್ಷೆಯನ್ನು ಬೋರ್ಡು ಮುಂದೆ ಕೂರಲಿರುವ ಜಾಗದಲ್ಲಿಯೇ ಅರ್ಧ ಗಂಟೆ ಬಿಡದೆ ಓಡಿಸಿ, ಕೊನೆಯ ಹತ್ತು ನಿಮಿಷದ ಸರಾಸರಿಯನ್ನು ಮಾತ್ರ ಬರೆದುಕೊಳ್ಳಿ.

ಇನ್ನೊಂದು ತಪ್ಪನ್ನೂ ಹೇಳಲೇಬೇಕು. ಬೋರ್ಡಿನ ವೇಗ ಇಳಿದಿದೆಯೇ, ವೋಲ್ಟೇಜ್ ಸಾಲುತ್ತಿದೆಯೇ ಎಂದು ತಿಳಿಸುವ ‘ಗೆಟ್ ಥ್ರಾಟಲ್ಡ್’ ಆದೇಶ ಕೊಟ್ಟಾಗ ನನಗೆ ಬಂದ ಉತ್ತರ 50005. ವೋಲ್ಟೇಜ್ ಈಗಲೂ ಸಾಲುತ್ತಿಲ್ಲ, ವೇಗ ಈಗಲೂ ಇಳಿದಿದೆ ಎಂಬುದು ಅದರ ಅರ್ಥ. ಬಿಸಿಯ ಜೊತೆಗೆ, ಹಳೆಯ ಫೋನ್ ಚಾರ್ಜರ್ ಮತ್ತು ಅದರ ತೆಳುವಾದ ಕೇಬಲ್ಲೂ ಕಾರಣವಾಗಿದ್ದವು. ಪ್ರತಿ ಓಟದ ನಂತರ ಈ ಉತ್ತರ ಸೊನ್ನೆಯೇ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ಅಂಕಿಯನ್ನು ಕೈಬಿಡಿ. ಎಇಎಸ್ ಗೂಢಲಿಪಿಯ ಪರೀಕ್ಷೆಯಲ್ಲಿ ಪೈ 5 ಬಹಳ ಮುಂದೆ ಹೋಗುತ್ತದೆ, ಏಕೆಂದರೆ ಅದಕ್ಕೆ ಬೇಕಾದ ವಿಶೇಷ ಸೂಚನೆಗಳು ಪೈ 4ರಲ್ಲಿಲ್ಲ; ಮಳೆಯ ನಾಲ್ಕು ಅಂಕಿ ಕಳಿಸುವ ನಿಮಗೆ ಆ ಅಂತರ ಮುಖ್ಯವಲ್ಲ.

ಚಿಕ್ಕಮಗಳೂರಿನಿಂದ: ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ನಿಮ್ಮ ಬೋರ್ಡು ದಿನದ ಬಹುಪಾಲು ಸುಮ್ಮನೆ ಕೂತಿರುತ್ತದೆ, ಆದ್ದರಿಂದ ಸುಮ್ಮನಿರುವಾಗ ಎಷ್ಟು ವಾಟ್ ಎಳೆಯುತ್ತದೆ ಎಂಬುದೇ ನಿರ್ಣಾಯಕ. 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 84 ವಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂದರೆ ಕೈಗೆ ಸಿಗುವುದು 42. ಬೋರ್ಡು 3 ವಾಟ್ ಎಳೆದರೂ 14 ಗಂಟೆಗೆ ಮುಗಿಯಿತು. ಜುಲೈ ಮಳೆಯಲ್ಲಿ ನಮ್ಮ ಕಡೆ ದಿನಗಟ್ಟಲೆ ಬಿಸಿಲೇ ಬೀಳುವುದಿಲ್ಲವೆಂಬುದು ನಿಮಗೂ ಗೊತ್ತು. ಚಾರ್ಜರಿಗೂ ಬೋರ್ಡಿಗೂ ನಡುವೆ ಯುಎಸ್‌ಬಿ ಮೀಟರ್ ಹಾಕಿ, ಎರಡನ್ನೂ ಒಂದೊಂದು ಇಡೀ ದಿನ ನಿಮ್ಮದೇ ಕೆಲಸಕ್ಕೆ ಬಿಟ್ಟು, ವಾಟ್ ಅವರ್ ಎಷ್ಟಾಯಿತೆಂದು ಇಲ್ಲಿ ತಿಳಿಸಿ. ಬ್ಯಾಟರಿಯ ಅಳತೆಯನ್ನು ಆಮೇಲೆ ಒಟ್ಟಿಗೆ ಲೆಕ್ಕ ಹಾಕೋಣ.