ಸಾಲಿಡ್ ಆಕ್ಸಲ್ ಹಾಕಿದ ಮೇಲೆ 45 ಮೈಲಿ ವೇಗದಲ್ಲಿ ಮುಂಭಾಗ ವಿಪರೀತ ನಡುಗುತ್ತಿದೆ (1987 ಟೊಯೋಟಾ ಪಿಕಪ್)

ಹಳೇಟ್ರಕ್_87:

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ. ಗಾಡಿ 1987ರ ಟೊಯೋಟಾ ಪಿಕಪ್, ಫೋರ್ ವೀಲ್ ಡ್ರೈವ್, 22ಆರ್‌ಇ ಇಂಜಿನ್, ಐದು ಗೇರು. ಈ ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲೇ ಕಳೆದೆ. ಮುಂದಿನ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರವೂ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುವುದು) ಪೂರ್ತಿ ಕಿತ್ತು ಸಾಲಿಡ್ ಆಕ್ಸಲ್ (ಎರಡೂ ಚಕ್ರವನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು) ಕೂರಿಸಿದ್ದೇನೆ.

ಊರಲ್ಲಿ ಓದುತ್ತಿರುವವರಿಗೆ ಹೇಳುವುದಾದರೆ, ಇಲ್ಲಿ ಈ ಪಿಕಪ್‌ಗಳಿಗೆ 1979ರಿಂದ 1985ರ ತನಕ ಮುಂದೆಯೂ ಸಾಲಿಡ್ ಆಕ್ಸಲ್, ಲೀಫ್ ಸ್ಪ್ರಿಂಗ್ ಇತ್ತು. 1986ರಲ್ಲಿ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವ ಇಂಡಿಪೆಂಡೆಂಟ್ ಬಂತು. ಡಾಂಬರು ರಸ್ತೆಯಲ್ಲಿ ಅದು ಸುಖ. ಆದರೆ ಒಂದು ಚಕ್ರ ಬಂಡೆ ಹತ್ತಿದರೆ ಇನ್ನೊಂದು ನೆಲ ಬಿಟ್ಟು ಗಾಳಿಯಲ್ಲಿ ಸುತ್ತುತ್ತದೆ. ಸಾಲಿಡ್ ಆಕ್ಸಲ್‌ನಲ್ಲಿ ಒಂದು ಕಡೆ ಮೇಲೆದ್ದರೆ ಇನ್ನೊಂದು ಕಡೆಯನ್ನು ಅದೇ ಕೆಳಕ್ಕೆ ಒತ್ತುತ್ತದೆ. ನನಗೆ ರುಬಿಕಾನ್ ಟ್ರೇಲ್‌ನ (ಇಲ್ಲಿನ ಬಂಡೆಗಳ ಕಾಡುದಾರಿ) 22 ಮೈಲಿ ಈ ಬೇಸಿಗೆಯಲ್ಲಿ ಮುಗಿಸಬೇಕು. ಅದಕ್ಕೇ ಇಷ್ಟೆಲ್ಲಾ.

ಏನೇನು ಮಾಡಿದ್ದೇನೆ ಅಂದರೆ: ಆಕ್ಸಲ್ ಗುಜರಿಯಲ್ಲಿ ಸಿಕ್ಕ 1983ರ ಪಿಕಪ್‌ನದು, ಗೇರ್ ರೇಷಿಯೋ 4.10 (ಶಾಫ್ಟ್ 4.1 ಸುತ್ತಿಗೆ ಚಕ್ರ ಒಂದು ಸುತ್ತು), ನನ್ನ ಗಾಡಿಯ ಹಿಂದಿನ ಆಕ್ಸಲ್‌ಗೆ ಸರಿಹೊಂದುತ್ತದೆ. ಮೂರು ಇಂಚು ಎತ್ತರ ಕೊಡುವ ಸ್ಪ್ರಿಂಗ್, ಶ್ಯಾಕಲ್ (ಸ್ಪ್ರಿಂಗ್ ತುದಿ ಆಡಲು ಬಿಡುವ ಕೊಂಡಿ) ಹಿಂದಿನ ತುದಿಯಲ್ಲಿ. ಗಾಡಿಯ ಸ್ಟೇರಿಂಗ್ ಬಾಕ್ಸನ್ನೇ ಉಳಿಸಿಕೊಂಡೆ. ಎರಡೂ ನಕಲ್ (ಚಕ್ರ ಹೊತ್ತು ಎಡ ಬಲ ತಿರುಗುವ ಭಾಗ) ಮೇಲೆ ಹೊಸ ಸ್ಟೇರಿಂಗ್ ಆರ್ಮ್ ಹಾಕಿ, ಬಾಕ್ಸಿನಿಂದ ಬಲಗಡೆಯ ನಕಲ್‌ಗೆ ಅಡ್ಡಲಾಗಿ ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಒಯ್ಯುವ ಸರಳು) ಕೊಟ್ಟಿದ್ದೇನೆ. ಈ ಹಳೇ ಆಕ್ಸಲ್ ಗಾಡಿಯ ಹಿಂದಿನ ಆಕ್ಸಲ್‌ಗಿಂತ ಸುಮಾರು ಮೂರು ಇಂಚು ಕಿರಿದು, ಹಾಗಾಗಿ ಎರಡೂ ಕಡೆ ಒಂದೂವರೆ ಇಂಚಿನ ಸ್ಪೇಸರ್ (ಚಕ್ರವನ್ನು ಹೊರಕ್ಕೆ ತರುವ ಬಿಲ್ಲೆ). ಟೈರು 33 ಇಂಚಿನವು.

ಸಮಸ್ಯೆ ಇದು. 40 ಮೈಲಿವರೆಗೆ ಗಾಡಿ ಚೆನ್ನಾಗಿದೆ. 45 ದಾಟಿದ ಮೇಲೆ ಸೇತುವೆಯ ಜಾಯಿಂಟ್ ಮೇಲೆ ಚಕ್ರ ಹೋದರೆ ಸಾಕು, ಮುಂಭಾಗ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳಲು ಶುರುವಾಗುತ್ತದೆ. ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. 20ಕ್ಕೆ ಇಳಿಸುವ ತನಕ ಬಿಡುವುದಿಲ್ಲ. ಕಳೆದ ವಾರ ಹೆಂಡತಿ ಪಕ್ಕದಲ್ಲಿದ್ದಾಗ ಹೀಗಾಯಿತು. ಇಬ್ಬರೂ ತುಂಬಾ ಹೆದರಿದೆವು. ಇನ್ನೊಂದು, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ನಾನೇ ತಿರುಗಿಸಿ ತರಬೇಕು. ಅಲೈನ್‌ಮೆಂಟ್ ಅಂಗಡಿಯಲ್ಲಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿ ಇದೆ, ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ನಡುಕ ತಡೆಯುವ ಶಾಕ್) ಹಾಕಿಸಿ ಅಂದರು. ಹಾಕಿಸಲಾ?

ಬೇಏರಿಯಾ_ಕಾಫಿ:

ಮೊದಲು ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ನೋಡಿ. ದೊಡ್ಡ ಟೈರಿನ ಬ್ಯಾಲೆನ್ಸ್ ತಪ್ಪಿದ್ದರೂ ಹೀಗಾಗುತ್ತದೆ. ಖರ್ಚಿಲ್ಲದ ಪರೀಕ್ಷೆ ಅಲ್ವಾ.

ಹಳೇಟ್ರಕ್_87:

ಇವತ್ತು ಬದಲಾಯಿಸಿ ನೋಡಿದೆ. ಶುರುವಾಗುವ ವೇಗ 45ರಿಂದ 47ಕ್ಕೆ ಹೋಯಿತು, ಅಷ್ಟೇ. ನಡುಕ ಹಾಗೇ ಇದೆ.

ತೋಟದ_ಜೀಪು:

ಸರ್, ನಾನು ಸಕಲೇಶಪುರದ ಕಡೆಯವನು. ನಿಮ್ಮ ಟೊಯೋಟಾ ಬಿಚ್ಚಿದವನಲ್ಲ. ಆದರೆ ನಮ್ಮ ತೋಟದಲ್ಲಿ ಮಹೀಂದ್ರಾ ಸಿಜೆ 3ಬಿ ಜೀಪ್ ಇದೆ. ಅದರ ಮುಂದಿನ ಆಕ್ಸಲ್‌ನಲ್ಲೂ ಗುಂಡು ಹೌಸಿಂಗ್ (ಆಕ್ಸಲ್ ತುದಿಯ ಗುಂಡನೆಯ ಕವಚ), ಮೇಲೆ ಕೆಳಗೆ ಕಿಂಗ್ ಪಿನ್ ಬೇರಿಂಗ್ (ನಕಲ್ ತಿರುಗುವುದೇ ಇದರ ಮೇಲೆ), ಕ್ಯಾಪ್ ಅಡಿಯಲ್ಲಿ ಶಿಮ್ (ಅಳತೆ ಸರಿಮಾಡುವ ತೆಳು ತಗಡು). ನೀವು ಹೇಳಿದ ನಡುಕವನ್ನು ನಾನು ಶಿರಾಡಿ ಘಾಟ್ ಇಳಿಯುವಾಗ ಅನುಭವಿಸಿದ್ದೇನೆ. ಹಾಗಾಗಿ ಧೈರ್ಯದಿಂದ ಹೇಳುತ್ತೇನೆ, ದಯವಿಟ್ಟು ಈಗಲೇ ಡ್ಯಾಂಪರ್ ಹಾಕಬೇಡಿ. ಎಲ್ಲೋ ಸಡಿಲ ಇದೆ. ಡ್ಯಾಂಪರ್ ಹಾಕಿದರೆ ಆರು ತಿಂಗಳು ಅದು ಕಾಣುವುದಿಲ್ಲ. ಡ್ಯಾಂಪರ್ ಸೋತ ದಿನ ಅದೇ ನಡುಕ 60 ಮೈಲಿಯಲ್ಲಿ ಬರುತ್ತದೆ. ಅದು ಇನ್ನೂ ಅಪಾಯ.

ಹುಡುಕುವ ಕ್ರಮ ಹೇಳುತ್ತೇನೆ. ಗಾಡಿ ನೆಲದ ಮೇಲೇ ಇರಲಿ, ಇಂಜಿನ್ ಚಾಲೂ, ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಒಬ್ಬರು ಸ್ಟೇರಿಂಗನ್ನು ಎಡ ಬಲ ಸಣ್ಣಗೆ ಆಡಿಸುತ್ತಿರಲಿ. ನೀವು ಮುಂದೆ ಬಗ್ಗಿ ನೋಡಿ. ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸಿನಿಂದ ಹೊರಬರುವ ತೋಳು), ಡ್ರ್ಯಾಗ್ ಲಿಂಕ್, ಟೈ ರಾಡ್ (ಎರಡೂ ನಕಲ್ ಜೋಡಿಸುವ ಸರಳು), ಸ್ಪ್ರಿಂಗ್ ಬುಷ್, ಒಂದೊಂದಕ್ಕೂ ಬೆರಳಿಟ್ಟು ನೋಡಿ. ಕಣ್ಣಿಗೆ ಕಾಣದ ಆಟ ಬೆರಳಿಗೆ ಗೊತ್ತಾಗುತ್ತದೆ.

ಆಮೇಲೆ ಜಾಕಿ ಕೊಟ್ಟು ಆಕ್ಸಲ್ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಕ್ರದ ತಲೆ ಮತ್ತು ಬುಡ ಹಿಡಿದು ಒಳಗೂ ಹೊರಗೂ ತಳ್ಳಿ. ಟಕ್ ಟಕ್ ಅಂದರೆ ಅದು ವೀಲ್ ಬೇರಿಂಗ್ ಇರಬಹುದು, ಕಿಂಗ್ ಪಿನ್ ಬೇರಿಂಗೂ ಇರಬಹುದು. ಯಾವುದು ಅಂತ ತಿಳಿಯಲು ಒಬ್ಬರನ್ನು ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಆಡಿಸಿ. ಬ್ರೇಕ್ ಒತ್ತಿದಾಗ ಡಿಸ್ಕು ನಕಲ್‌ಗೆ ಕಚ್ಚಿಕೊಳ್ಳುತ್ತದೆ, ವೀಲ್ ಬೇರಿಂಗಿನ ಆಟ ನಿಲ್ಲುತ್ತದೆ. ಆಗಲೂ ಟಕ್ ಅಂದರೆ ತಪ್ಪು ಕಿಂಗ್ ಪಿನ್ನಿನದೇ.

ಒಂದು ಪ್ರಶ್ನೆ ಸರ್. ಹೊಸ ಸ್ಟೇರಿಂಗ್ ಆರ್ಮ್ ಹಾಕುವಾಗ ಶಿಮ್ ಹೇಗೆ ಹಾಕಿದಿರಿ?

ಹಳೇಟ್ರಕ್_87:

ಹಳೇ ಕ್ಯಾಪ್ ಅಡಿಯಲ್ಲಿ ಎಷ್ಟಿತ್ತೋ ಅಷ್ಟನ್ನೇ ಹೊಸ ಆರ್ಮ್ ಅಡಿಯಲ್ಲಿ ಹಾಕಿದೆ. ಬೇರಿಂಗು ಚೆನ್ನಾಗಿ ಕಂಡಿತು, ತೊಳೆದು ಗ್ರೀಸ್ ತುಂಬಿ ಅದನ್ನೇ ಕೂರಿಸಿದೆ.

ತೋಟದ_ಜೀಪು:

ಅಲ್ಲೇ ಇದೆ ಅನ್ನಿಸುತ್ತದೆ ಸರ್. ಹೊಸ ಆರ್ಮ್‌ನಲ್ಲಿ ಬೇರಿಂಗ್ ಒಳಕ್ಕೆ ಇಳಿಯುವ ಮೂತಿ ಹಳೇ ಕ್ಯಾಪಿನಷ್ಟೇ ಉದ್ದ ಇರುತ್ತದೆ ಅಂತ ಏನೂ ಇಲ್ಲ. ಅರ್ಧ ಮಿಲಿಮೀಟರ್ ಕಮ್ಮಿ ಇದ್ದರೆ ಬೇರಿಂಗ್ ಮೇಲೆ ಒತ್ತಡವೇ ಇರುವುದಿಲ್ಲ. ಶಿಮ್ ತೆಗೆದಷ್ಟೂ ಒತ್ತಡ ಜಾಸ್ತಿ, ಸೇರಿಸಿದಷ್ಟೂ ಕಮ್ಮಿ. ಇಷ್ಟು ನೆನಪಿಡಿ.

ಫೀನಿಕ್ಸ್_ಮರಳು:

ಜೀಪು ಅಣ್ಣ ಹೇಳಿದ್ದು ಸರಿ. ನಾನು ಅರಿಜೋನಾದಲ್ಲಿ ಇದೇ ಆಕ್ಸಲ್ ಓಡಿಸುತ್ತಿದ್ದೇನೆ, ಅಳತೆ ಕೊಡುತ್ತೇನೆ. ಬರ್ಫೀಲ್ಡ್ ಜಾಯಿಂಟ್ (ನಕಲ್ ಒಳಗೆ ಚಕ್ರಕ್ಕೆ ಶಕ್ತಿ ಒಯ್ಯುವ ಕೀಲು) ಹೊರಗೆ ತೆಗೆದು, ಹಿಂದಿನ ವೈಪರ್ ಸೀಲ್ (ಗುಂಡು ಹೌಸಿಂಗನ್ನು ಒರೆಸುವ ಸೀಲ್) ಬಿಚ್ಚಿ. ಟೈ ರಾಡ್ ಕೂರುವ ತೂತಿಗೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಆರ್ಮ್‌ಗೆ ನೇರ ಅಡ್ಡಕ್ಕೆ ಎಳೆಯಿರಿ. ನಕಲ್ ಕದಲುವ ಕ್ಷಣದಲ್ಲಿ 3ರಿಂದ 6 ಕಿಲೋ ತೋರಿಸಬೇಕು. ಬರ್ಫೀಲ್ಡ್ ಒಳಗಿದ್ದಾಗ ಎಳೆದರೆ ಲೆಕ್ಕ ಸುಳ್ಳಾಗುತ್ತದೆ. ಶಿಮ್ ತೆಗೆಯುವಾಗ ಎಲ್ಲವನ್ನೂ ಕೆಳಗಿನಿಂದಲೇ ತೆಗೆಯಬೇಡಿ, ನಕಲ್ ಮಧ್ಯ ತಪ್ಪಿ ಒಳಗಿನ ಸೀಲ್ ಬೇಗ ಹಾಳಾಗುತ್ತದೆ.

ಹಳೇ ಬೇರಿಂಗ್ ವಾಪಸ್ ಹಾಕಬೇಡಿ. 1983ರ ಗಾಡಿ ಅಂದರೆ ಆ ಬೇರಿಂಗು ಬಹುಪಾಲು ಆಯುಷ್ಯ ನೇರಕ್ಕೇ ನಿಂತಿದೆ. ರೋಲರುಗಳು ಒಂದೇ ಜಾಗದಲ್ಲಿ ಬಡಿದು ಬಡಿದು ಕಪ್‌ನಲ್ಲಿ (ರೋಲರುಗಳು ಉರುಳುವ ಹೊರ ಬಳೆ) ಗೆರೆ ಬಿದ್ದಿರುತ್ತದೆ. ಕಪ್ ಒಳಗೆ ಉಗುರು ಆಡಿಸಿ ನೋಡಿ, ತಡೆಯುತ್ತದೆ.

ಆದರೆ ನಿಮ್ಮ ಎರಡನೇ ದೂರು, ಸ್ಟೇರಿಂಗ್ ವಾಪಸ್ ಬರುವುದಿಲ್ಲ ಅಂದಿರಲ್ಲ, ಅದು ಶಿಮ್‌ನಿಂದ ಮಾತ್ರ ಆಗುವುದಲ್ಲ. ಅದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದಲೇ ಕೈಬಿಟ್ಟರೂ ಚಕ್ರ ನೇರಕ್ಕೆ ಬರುತ್ತದೆ. ಹಾಗೇ ನಕಲ್‌ನ ತಲೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಈ ಟೈರಿಗೆ ಮೂರರಿಂದ ಐದು ಡಿಗ್ರಿ ಇದ್ದರೆ ಚೆನ್ನ. ಸಮತಟ್ಟು ನೆಲದಲ್ಲಿ ಚಕ್ರ ನೇರ ಇಟ್ಟು, ನಕಲ್‌ನ ಮೇಲಿನ ಚಪ್ಪಟೆ ಮುಖದ ಮೇಲೆ ಕೋನ ಅಳೆಯುವ ಗೇಜ್ ಇಡಿ. ಸ್ಪ್ರಿಂಗ್ ಕೂರುವ ಪರ್ಚ್‌ಗಳನ್ನು ವೆಲ್ಡ್ ಮಾಡಿದಾಗ ಗಾಡಿಯ ಭಾರ ಸ್ಪ್ರಿಂಗ್ ಮೇಲೆ ಇತ್ತಾ?

ಹಳೇಟ್ರಕ್_87:

ಇರಲಿಲ್ಲ. ಚಾಸಿ ಸ್ಟ್ಯಾಂಡ್ ಮೇಲಿತ್ತು, ಆಕ್ಸಲ್ ನೇತಾಡುತ್ತಿತ್ತು. ಪಿನಿಯನ್ (ಆಕ್ಸಲಿಗೆ ಶಾಫ್ಟ್ ಸೇರುವ ಗೇರು) ಮೂತಿಯನ್ನು ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಮುಂದೆ ಹಿಂದೆ ಹಂಚುವ ಪೆಟ್ಟಿಗೆ) ಕಡೆಗೆ ನೇರ ತಿರುಗಿಸಿ ಪೂರ್ತಿ ವೆಲ್ಡ್ ಹೊಡೆದುಬಿಟ್ಟೆ. ಶಾಫ್ಟ್ ಅದುರಬಾರದು ಅನ್ನುವುದೊಂದೇ ತಲೆಯಲ್ಲಿತ್ತು.

ಫೀನಿಕ್ಸ್_ಮರಳು:

ಕಾರಣ ಅದೇ. ಪಿನಿಯನ್ ಹಿಂದಕ್ಕೆ ಮುಖ ಮಾಡಿರುತ್ತದೆ. ಅದನ್ನು ಮೇಲಕ್ಕೆತ್ತಿದರೆ ಆಕ್ಸಲ್ ಇಡೀ ಉರುಳಿ ನಕಲ್‌ನ ತಲೆ ಮುಂದಕ್ಕೆ ಹೋಗುತ್ತದೆ. ಕ್ಯಾಸ್ಟರ್ ಹೋಯಿತು. ಎರಡೂ ಒಂದೇ ಹೌಸಿಂಗಿನಲ್ಲಿ ಇರುವುದರಿಂದ ಒಂದನ್ನು ಕೊಟ್ಟರೆ ಇನ್ನೊಂದನ್ನು ಕಳೆದುಕೊಳ್ಳಬೇಕು. ಎರಡೂ ಬೇಕೆಂದರೆ ಹೌಸಿಂಗಿನ ತುದಿಯ ಗುಂಡನ್ನು ಕೊಯ್ದು, ತಿರುಗಿಸಿ, ಮತ್ತೆ ವೆಲ್ಡ್ ಮಾಡಬೇಕು. ಜಿಗ್ (ಕೋನ ತಪ್ಪದಂತೆ ಹಿಡಿಯುವ ಚೌಕಟ್ಟು) ಇಲ್ಲದೆ ಮನೆಯಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. ಒಂದು ಡಿಗ್ರಿ ಎಡ ಬಲ ತಪ್ಪಿದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ನಿಮ್ಮ ಗಾಡಿ ಹೆದ್ದಾರಿಯಲ್ಲಿ ಓಡಿಕೊಂಡೇ ಟ್ರೇಲ್‌ಗೆ ಹೋಗುವುದಲ್ವಾ? ಹಾಗಾದರೆ ಕ್ಯಾಸ್ಟರ್‌ಗೇ ಮೊದಲ ಮರ್ಯಾದೆ. ಟೂ ವೀಲ್‌ನಲ್ಲಿ ಹಬ್ (ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಲಾಕ್) ಬಿಡಿಸಿಟ್ಟಾಗ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ಬಂಡೆ ಮೇಲೆ ಲೋ ರೇಂಜಿನಲ್ಲಿ (ನಿಧಾನದ, ಹೆಚ್ಚು ಬಲದ ಗೇರು) ನಡಿಗೆಯ ವೇಗ. ಅಲ್ಲಿ ಪಿನಿಯನ್ ಕೋನ ನಾಲ್ಕು ಡಿಗ್ರಿ ತಪ್ಪಿದರೆ ಏನೂ ಆಗುವುದಿಲ್ಲ.

ಇನ್ನೊಂದನ್ನು ಮರೆಯಬೇಡಿ. ಸ್ಟೇರಿಂಗ್ ಬಾಕ್ಸ್ ಕೂತಿರುವ ಜಾಗದಲ್ಲಿ ಈ ಪಿಕಪ್‌ಗಳ ಚಾಸಿ ಬಿರುಕು ಬಿಡುತ್ತದೆ. ದೊಡ್ಡ ಟೈರು ಹಾಕಿದ ಮೇಲಂತೂ ಬೇಗ. ಮಣ್ಣು ತೊಳೆದು, ಬೋಲ್ಟ್‌ಗಳ ಸುತ್ತ ಟಾರ್ಚ್ ಹಿಡಿದು ನೋಡಿ.

ಮೈಸೂರು_ವಿಕ್ರಾಸ್:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಬಳಿ ಇಸುಜು ವಿ-ಕ್ರಾಸ್ ಪಿಕಪ್ ಇದೆ. ಇಲ್ಲೂ ಹೀಗೆ ಮಾಡಿಸಬಹುದಾ?

ತೋಟದ_ಜೀಪು:

ರಸ್ತೆಗೆ ಇಳಿಸುವ ಗಾಡಿಗೆ ಬೇಡ ತಮ್ಮಾ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅಪಘಾತವಾದರೆ ಇನ್ಶೂರೆನ್ಸ್ ತಕರಾರು ಬೇರೆ. ಮುಂದೆಯೂ ಸಾಲಿಡ್ ಆಕ್ಸಲ್ ಬೇಕೇ ಬೇಕು ಅಂದರೆ ಮಾರುತಿ ಸುಜುಕಿ ಜಿಮ್ನಿಗೆ ಕಾರ್ಖಾನೆಯಿಂದಲೇ ಬರುತ್ತದೆ. ಅದರಲ್ಲೂ ಕಿಂಗ್ ಪಿನ್ ಬೇರಿಂಗ್ ಸವೆದರೆ ಇದೇ ನಡುಕ, ಇದೇ ಮದ್ದು.

ಹಳೇಟ್ರಕ್_87:

ಎರಡು ವಾರ ಬೇಕಾಯಿತು. ಕಂಡದ್ದನ್ನೆಲ್ಲಾ ಬರೆಯುತ್ತೇನೆ.

ಸ್ಟೇರಿಂಗ್ ಆಡಿಸಿ ನೋಡಿದಾಗ ಕೀಲುಗಳಲ್ಲಿ ಏನೂ ಸಡಿಲ ಇರಲಿಲ್ಲ. ಚಾಸಿಯಲ್ಲಿ ಬಿರುಕಿಲ್ಲ, ಆದರೂ ಬಾಕ್ಸಿನ ಜಾಗಕ್ಕೆ ಒಂದು ಪ್ಲೇಟ್ ವೆಲ್ಡ್ ಮಾಡಿಸಿದೆ. ಚಕ್ರ ಎತ್ತಿ ತಳ್ಳಿದಾಗ ಎಡಗಡೆ ಟಕ್ ಅಂತು. ಹೆಂಡತಿ ಬ್ರೇಕ್ ಒತ್ತಿ ಹಿಡಿದಳು, ಆಗಲೂ ಟಕ್. ಬಿಚ್ಚಿದೆ. ತಕ್ಕಡಿ ಬಲಗಡೆ 2 ಕಿಲೋ ತೋರಿಸಿತು, ಎಡಗಡೆ ಅರ್ಧ ಕಿಲೋ ಕೂಡ ಇಲ್ಲ. ಬೆರಳಲ್ಲಿ ತಳ್ಳಿದರೆ ನಕಲ್ ಬಾಗಿಲಿನ ಹಾಗೆ ತಿರುಗುತ್ತಿತ್ತು. ಎಡಗಡೆ ಕೆಳಗಿನ ಕಪ್‌ನಲ್ಲಿ ಗೆರೆಗಳು ಉಗುರಿಗೆ ಸ್ಪಷ್ಟವಾಗಿ ಸಿಕ್ಕಿದವು. ಫೀನಿಕ್ಸ್ ಅವರು ಹೇಳಿದ ಹಾಗೇ.

ನಾಲ್ಕೂ ಬೇರಿಂಗ್, ಕಪ್, ಸೀಲ್ ಹೊಸದು ಹಾಕಿದೆ. ಎಡಗಡೆ ಒಟ್ಟು 0.3 ಮಿಲಿಮೀಟರ್ ಶಿಮ್ ತೆಗೆದೆ, ಬಲಗಡೆ 0.1. ಈಗ ಎಡಕ್ಕೆ 5 ಕಿಲೋ, ಬಲಕ್ಕೆ 4.5. ಪ್ರತಿ ಸಲವೂ ನಟ್‌ಗಳನ್ನು ಟಾರ್ಕ್ ವ್ರೆಂಚಿನಲ್ಲಿ ಪೂರ್ತಿ ಬಿಗಿ ಮಾಡಿಯೇ ಅಳೆದೆ. ಅರ್ಧ ಬಿಗಿಯಲ್ಲಿ ಅಳೆದರೆ ಕಮ್ಮಿ ತೋರಿಸುತ್ತದೆ, ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು.

ಇಷ್ಟು ಮಾಡಿ ಓಡಿಸಿದೆ. ನಡುಕ ನಿಂತಿತು, ಆದರೆ ಗಾಡಿ ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತಿತ್ತು. ಕ್ಯಾಸ್ಟರ್ ಅಳೆದರೆ ಎಡಕ್ಕೆ ಅರ್ಧ ಡಿಗ್ರಿ, ಬಲಕ್ಕೆ ಒಂದು. ನಾಲ್ಕು ಡಿಗ್ರಿಯ ಉಕ್ಕಿನ ವೆಡ್ಜ್ (ಸ್ಪ್ರಿಂಗ್ ಅಡಿಗಿಡುವ ಓರೆ ತುಂಡು) ತಂದೆ, ಅಲ್ಯುಮಿನಿಯಂನದು ಜಜ್ಜಿಹೋಗುತ್ತದೆ ಅಂತ ಬಿಟ್ಟೆ. ಸ್ಪ್ರಿಂಗು ಆಕ್ಸಲಿನ ಮೇಲೆ ಕೂರುವುದರಿಂದ ದಪ್ಪ ತುದಿ ಹಿಂದಕ್ಕೆ ಬರಬೇಕು. ಹಾಗೆ ಹಾಕಿದರೆ ಪಿನಿಯನ್ ಕೆಳಗಿಳಿಯುತ್ತದೆ, ನಕಲ್‌ನ ತಲೆ ಹಿಂದಕ್ಕೆ ವಾಲುತ್ತದೆ. ಮೊದಲ ಸಲ ಉಲ್ಟಾ ಹಾಕಿ ಮತ್ತೆ ಬಿಚ್ಚಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸೆಂಟರ್ ಬೋಲ್ಟ್ ಉದ್ದದ್ದು ಬೇಕಾಯಿತು, ಯು-ಬೋಲ್ಟ್ ಹೊಸದೇ ಹಾಕಿದೆ.

ಶನಿವಾರ ಬೆಳಿಗ್ಗೆ ಹೈವೇ 50ರಲ್ಲಿ ಪ್ಲಾಸರ್‌ವಿಲ್ ದಾಟಿ, ಐಸ್ ಹೌಸ್ ರಸ್ತೆ ಹಿಡಿದು ಲೂನ್ ಲೇಕ್ ಕಡೆಗೆ ಹೋಗಿ ಬಂದೆವು. 60 ಮೈಲಿಯಲ್ಲಿ ಸೇತುವೆ ಜಾಯಿಂಟ್ ಮೇಲೆ ಬೇಕೆಂದೇ ಹೋದೆ. ಒಂದು ಸಣ್ಣ ಧಡ್, ಅಷ್ಟೇ. ತಿರುವಿನಲ್ಲಿ ಕೈ ಸಡಿಲ ಬಿಟ್ಟರೆ ಸ್ಟೇರಿಂಗ್ ತಾನೇ ನೇರಕ್ಕೆ ಬರುತ್ತದೆ. ಹಬ್ ಲಾಕ್ ಹಾಕಿ ಫೋರ್ ಹೈನಲ್ಲಿ (ನಾಲ್ಕು ಚಕ್ರಕ್ಕೂ ಶಕ್ತಿ, ಸಾಮಾನ್ಯ ವೇಗದ ಗೇರು) 40 ದಾಟಿದರೆ ಶಾಫ್ಟ್ ಸಣ್ಣಗೆ ಗುಂಯ್‌ಗುಡುತ್ತದೆ. ಆ ವೇಗದಲ್ಲಿ ಫೋರ್ ಹೈ ನನಗೆ ಬೇಕಿಲ್ಲ, ಹಾಗಾಗಿ ಸದ್ಯ ಬಿಟ್ಟಿದ್ದೇನೆ.

ತೋಟದ_ಜೀಪು:

ತುಂಬಾ ಸಂತೋಷ ಸರ್. 100 ಮೈಲಿ ಆದ ಮೇಲೆ ಆರ್ಮ್‌ನ ನಟ್, ಯು-ಬೋಲ್ಟ್, ಸ್ಪೇಸರ್ ನಟ್ ಎಲ್ಲಾ ಮತ್ತೊಮ್ಮೆ ಬಿಗಿ ನೋಡಿ. ಹೊಸದಾಗಿ ಕೂರಿಸಿದ್ದು ಒಮ್ಮೆ ಸಡಿಲ ಆಗಿಯೇ ಆಗುತ್ತದೆ.

ಹಳೇಟ್ರಕ್_87:

ಖಂಡಿತ ಅಣ್ಣ. ನಿನ್ನೆ ನೋಡಿದೆ, ಎಡಗಡೆ ಒಂದು ಯು-ಬೋಲ್ಟ್ ಕಾಲು ಸುತ್ತು ತಿರುಗಿತು. ಬಲಗಡೆ ನಕಲ್ ಬುಡದಲ್ಲಿ ಗ್ರೀಸ್ ಜೊತೆ ಗೇರ್ ಎಣ್ಣೆಯ ವಾಸನೆ ಇದೆ, ಒಳಗಿನ ಸೀಲ್ ಕೂರಿಸುವಾಗ ಓರೆ ಮಾಡಿದ್ದೇನೆ ಅನ್ನಿಸುತ್ತದೆ. ಭಾನುವಾರ ಆ ಕಡೆ ಮತ್ತೆ ಬಿಚ್ಚುತ್ತೇನೆ. ತಕ್ಕಡಿ ಹೇಗೂ ಇಲ್ಲೇ ಗೋಡೆಗೆ ನೇತುಹಾಕಿದ್ದೇನೆ.